ಹಾಡಿನ ಕ್ಲಬ್ಬುಗಳು ಸಮುದಾಯ ಕಟ್ಟಿದ ಕಥೆ: ಜಾಂಜಿಬಾರ್ ಕರಾವಳಿಯಿಂದ ನಮ್ಮ ದಫ್ ತಂಡಗಳಿಗೆ

ರಬೀಉಲ್ ಅವ್ವಲ್ ತಿಂಗಳು ಹತ್ತಿರ ಬಂತೆಂದರೆ ಮಂಜೇಶ್ವರ, ಉಪ್ಪಳ, ಕುಂಬಳೆಯಿಂದ ಹಿಡಿದು ಉಳ್ಳಾಲ, ಬಂಟ್ವಾಳ, ಪುತ್ತೂರಿನ ತನಕ ಮದ್ರಸದ ಅಂಗಳಗಳಲ್ಲಿ ದಫ್ ಸದ್ದು ಶುರುವಾಗುತ್ತದೆ. ಇಶಾ ನಮಾಝ್ ಮುಗಿದ ಮೇಲೆ ಹುಡುಗರು ಸೇರುತ್ತಾರೆ, ಉಸ್ತಾದರು ತಾಳ ಹೇಳಿಕೊಡುತ್ತಾರೆ, ಹಿರಿಯರು ಮೂಲೆಯಲ್ಲಿ ಕೂತು ತಪ್ಪು ತಿದ್ದುತ್ತಾರೆ. ಪ್ರತಿ ತಂಡಕ್ಕೂ ಒಂದು ಹೆಸರಿದೆ, ಸಮವಸ್ತ್ರವಿದೆ, ವಾಟ್ಸ್ಆ್ಯಪ್ ಗ್ರೂಪ್ ಇದೆ. ಆದರೆ ಅದೇ ಹುಡುಗರನ್ನು ಕರೆದು, "ನಿಮ್ಮ ತಂಡ ಯಾವ ವರ್ಷ ಶುರುವಾಯಿತು? ಮೊದಲು ಕಲಿಸಿದವರು ಯಾರು? ಅವರು ಹಾಡುತ್ತಿದ್ದ ಬೈತುಗಳು ಎಲ್ಲಿ ಹೋದವು?" ಅಂತ ಕೇಳಿ ನೋಡಿ. "ಅದು ಅಜ್ಜನವರಿಗೆ ಗೊತ್ತಿತ್ತು" ಎಂಬ ಉತ್ತರ ಬರುವುದೇ ಹೆಚ್ಚು. ಆ ಅಜ್ಜ ಈಗ ಇಲ್ಲ.

ನಮ್ಮ ಕಡಲಿನ ಆಚೆ ದಡದಲ್ಲಿ, ಪೂರ್ವ ಆಫ್ರಿಕಾದ ಜಾಂಜಿಬಾರ್ ದ್ವೀಪದಲ್ಲಿ, 1905ರಲ್ಲಿ ಕೆಲವು ಯುವಕರು ಸೇರಿ ಒಂದು ಹಾಡಿನ ಕ್ಲಬ್ ಕಟ್ಟಿದರು. ಸುಲ್ತಾನರು ಹೋದರು, ಬ್ರಿಟಿಷರು ಹೋದರು, ಕ್ರಾಂತಿ ಆಯಿತು, ರೇಡಿಯೊ ಬಂತು, ಕ್ಯಾಸೆಟ್ ಬಂತು, ಮೊಬೈಲ್ ಬಂತು. ಆ ಕ್ಲಬ್ ಮಾತ್ರ 2005ರಲ್ಲಿ ನೂರು ವರ್ಷ ದಾಟಿ ಮುಂದಕ್ಕೂ ನಡೆಯಿತು. ಅಲ್ಲಿನ ಕ್ಲಬ್ಬುಗಳು ಹೇಗೆ ಹುಟ್ಟಿದವು, ಹೇಗೆ ಒಕ್ಕೂಟಗಳಾದವು, ಯಾಕೆ ಒಡೆದವು, ಏನನ್ನು ಉಳಿಸಿದವು ಎಂಬುದು ನಮ್ಮ ಯುವಕರು ತಿಳಿದಿರಬೇಕಾದ ಕಥೆ. ಯಾಕೆಂದರೆ ಆ ಕರಾವಳಿಯೂ ಈ ಕರಾವಳಿಯೂ ಅಷ್ಟೇನೂ ದೂರದವಲ್ಲ.

ಒಂದೇ ಗಾಳಿಯ ಎರಡು ದಡ

ಹಾಯಿ ಹಡಗುಗಳ ಕಾಲದಲ್ಲಿ ಈಶಾನ್ಯ ಮಾರುತ ಬೀಸುವ ತಿಂಗಳುಗಳಲ್ಲಿ ಭಾರತದ ಪಶ್ಚಿಮ ಕರಾವಳಿಯಿಂದಲೂ ಅರೇಬಿಯಾದಿಂದಲೂ ಪೂರ್ವ ಆಫ್ರಿಕಾಕ್ಕೆ ಹಡಗುಗಳು ಹೋಗುತ್ತಿದ್ದವು. ನೈಋತ್ಯ ಮಾರುತ ಎದ್ದಾಗ ಅದೇ ಹಡಗುಗಳು ಮರಳುತ್ತಿದ್ದವು. ಆ ದಡದ ಸ್ವಾಹಿಲಿ ಮುಸ್ಲಿಮರೂ ಈ ದಡದ ಬ್ಯಾರಿಗಳು, ಮಾಪಿಳ್ಳೆಗಳೂ ಶಾಫಿಈ ಮದ್‌ಹಬಿನವರು. ಯಮನಿನ ಹಳ್ರಮೌತ್‌ನಿಂದ ಹೊರಟ ಸಯ್ಯದ್ ಮನೆತನಗಳು ಎರಡೂ ಕಡೆ ನೆಲೆಸಿದವು. ಹಾಗಾಗಿ ಇಲ್ಲಿ ಓದುವ ಬರ್ಝಂಜಿ ಮೌಲೂದು ಅಲ್ಲಿಯೂ ಇದೆ, ಹದ್ದಾದ್ ರಾತೀಬು ಅಲ್ಲಿಯೂ ಇದೆ. ರಿಫಾಈ ತರೀಖತ್ತಿನ ನೆರಳಲ್ಲಿ ಬೆಳೆದ ದಫ್ ಪರಂಪರೆ ನಮ್ಮ ಕಡೆ ಇರುವ ಹಾಗೆಯೇ, ಜಾಂಜಿಬಾರ್‌ನಲ್ಲಿ ದಫ್ ಬಡಿಯುತ್ತಾ ಸಾಲಾಗಿ ಕೂತು ತೂಗಾಡುತ್ತಾ ಹಾಡುವ 'ಮೌಲಿದಿ ಯಾ ಹೋಮು' ಎಂಬ ಪದ್ಧತಿ ಇದೆ.

ಕೆನ್ಯಾದ ಲಾಮು ದ್ವೀಪದ ಉದಾಹರಣೆ ನೋಡಿ. ಅಲ್ಲಿ ಹಬೀಬ್ ಸ್ವಾಲಿಹ್ ಜಮಲುಲ್ಲೈಲಿ ಎಂಬ ಸಯ್ಯದರು ರಿಯಾಝಾ ಎಂಬ ಮಸೀದಿ, ದರ್ಸ್ ಕಟ್ಟಿ ದಫ್ ಸಮೇತ ಮೌಲಿದ್ ಓದಿಸಲು ಆರಂಭಿಸಿದರು. ಗುಲಾಮಗಿರಿಯಿಂದ ಹೊರಬಂದವರಿಗೂ ಬಡವರಿಗೂ ಅಲ್ಲಿ ಪಾಠ ಹೇಳಿಕೊಟ್ಟರು. ಊರಿನ ಕೆಲವು ದೊಡ್ಡ ಮನೆತನಗಳಿಗೆ ಇದು ಹಿಡಿಸಲಿಲ್ಲ. ಮಸೀದಿಯಲ್ಲಿ ದಫ್ ಸರಿಯೇ ಎಂಬ ಚರ್ಚೆಯೂ ನಡೆಯಿತು. ಕೊನೆಗೆ ಲಾಮುವಿನ ಮೌಲಿದ್ ಇಡೀ ಪೂರ್ವ ಆಫ್ರಿಕಾದ ಜನ ಬಂದು ಸೇರುವ ಸಮಾರಂಭವಾಗಿ ಬೆಳೆಯಿತು. ಸಂಗೀತದ ವಿಷಯದಲ್ಲಿ ಉಲಮಾಗಳ ನಡುವೆ ಭಿನ್ನಾಭಿಪ್ರಾಯ ಅಲ್ಲಿಯೂ ಇತ್ತು, ಇಲ್ಲಿಯೂ ಇದೆ. ದಫ್‌ಗೆ ಇರುವ ಒಪ್ಪಿಗೆ ತಂತಿ ವಾದ್ಯಗಳಿಗೆ ಇಲ್ಲ ಎನ್ನುವವರು ಎರಡೂ ದಡದಲ್ಲಿದ್ದಾರೆ. ಈ ಲೇಖನದ ವಿಷಯ ಆ ಚರ್ಚೆಯಲ್ಲ. ಜನ ಹಾಡಿಗಾಗಿ ಒಟ್ಟು ಸೇರಿದಾಗ ಏನು ಕಟ್ಟಿದರು ಎಂಬುದಷ್ಟೇ ಇಲ್ಲಿನ ವಿಷಯ.

ಅರಮನೆಯಿಂದ ಬೀದಿಗೆ ಬಂದ ತಾರಬ್

ಜಾಂಜಿಬಾರ್‌ನ ಕ್ಲಬ್ ಸಂಗೀತಕ್ಕೆ 'ತಾರಬ್' ಎಂದು ಹೆಸರು. 'ತರಬ್' ಅರಬಿ ಪದ. ಹಾಡು ಕೇಳಿ ಮನಸ್ಸು ತುಂಬಿ ಬರುವುದು ಎಂದು ಅರ್ಥ. 1870ರಿಂದ 1888ರ ತನಕ ಆಳಿದ ಸುಲ್ತಾನ್ ಬರ್ಗಶ್ ಬಿನ್ ಸಈದ್ ಈಜಿಪ್ಟಿನಿಂದ ವಾದ್ಯಗಾರರನ್ನು ಕರೆಸಿಕೊಂಡರು. ಆಮೇಲೆ ಮುಹಮ್ಮದ್ ಇಬ್ರಾಹೀಂ ಎಂಬುವರನ್ನು ಕೈರೋಗೆ ಕಳುಹಿಸಿ 'ಕಾನೂನ್' ಎಂಬ ವಾದ್ಯ ಕಲಿಯುವಂತೆ ಮಾಡಿದರು. ಕಾನೂನ್ ಎಂದರೆ ತೊಡೆಯ ಮೇಲಿಟ್ಟು ಮೀಟುವ, 70ಕ್ಕೂ ಹೆಚ್ಚು ತಂತಿಗಳ ವಾದ್ಯ. ಅವರು ಮರಳಿ ಬಂದು ಅರಮನೆಯ ವಾದ್ಯವೃಂದ ಕಟ್ಟಿದರು. ಹಾಡುಗಳು ಅರಬಿಯಲ್ಲಿದ್ದವು. ಕೇಳುವವರು ಸುಲ್ತಾನರೂ ಅವರ ಅತಿಥಿಗಳೂ ಮಾತ್ರ.

1905ರಲ್ಲಿ ಬದಲಾದದ್ದು ಇದೇ. ಸ್ಟೋನ್ ಟೌನ್‌ನ ಯುವಕರು ಸೇರಿ 'ಇಖ್ವಾನಿ ಸಫಾ ಮ್ಯೂಸಿಕಲ್ ಕ್ಲಬ್' ಕಟ್ಟಿದರು. ಹೆಸರನ್ನು ಯೋಚಿಸಿಯೇ ಇಟ್ಟಂತಿದೆ. 10ನೇ ಶತಮಾನದಲ್ಲಿ ಬಸ್ರಾದಲ್ಲಿದ್ದ 'ಇಖ್ವಾನುಸ್ಸಫಾ' ಎಂಬ ವಿದ್ವಾಂಸರ ಬಳಗ 52 ರಿಸಾಲೆಗಳನ್ನು ಬರೆದಿತ್ತು. ಅವುಗಳಲ್ಲಿ ಒಂದು ಸಂಗೀತದ ಕುರಿತಾದದ್ದು. ನಿರ್ಮಲ ಮನಸ್ಸಿನ ಸಹೋದರರು ಎಂಬುದು ಆ ಹೆಸರಿನ ತಾತ್ಪರ್ಯ. ಸದಸ್ಯರು ಸಂಗೀತದಿಂದ ಹೊಟ್ಟೆ ಹೊರೆಯುವವರಾಗಿರಲಿಲ್ಲ. ಹಗಲು ತಮ್ಮ ತಮ್ಮ ಕೆಲಸ, ಸಂಜೆ ಕ್ಲಬ್ಬಿನಲ್ಲಿ ಅಭ್ಯಾಸ. ವಾದ್ಯಗಳನ್ನು ಈಜಿಪ್ಟಿನಿಂದ ತರಿಸಿಕೊಂಡರು. ಮದುವೆಗೆ, ಈದ್‌ಗೆ ಕರೆದಲ್ಲಿ ಹೋಗಿ ಹಾಡಿದರು.

ಅರಮನೆಯ ವೃಂದಕ್ಕೂ ಈ ಕ್ಲಬ್ಬಿಗೂ ಇದ್ದ ವ್ಯತ್ಯಾಸ ದೊಡ್ಡದು. ಅರಮನೆಯ ವೃಂದ ಸುಲ್ತಾನರದ್ದು, ಅವರಿಗೆ ಬೇಡವಾದ ದಿನ ಅದು ಮುಗಿಯಿತು. ಕ್ಲಬ್ ಸದಸ್ಯರದ್ದು. ವಾದ್ಯ ಯಾರೊಬ್ಬನ ಸ್ವತ್ತೂ ಅಲ್ಲ, ಕ್ಲಬ್ಬಿನ ಸ್ವತ್ತು. ಒಬ್ಬ ವಾದಕ ತೀರಿಕೊಂಡರೆ ಅವನ ಜಾಗಕ್ಕೆ ಕಲಿತ ಇನ್ನೊಬ್ಬ ಇರುತ್ತಾನೆ. ನೂರು ವರ್ಷ ಬಾಳುವ ಗುಟ್ಟು ಇಲ್ಲೇ ಇದೆ.

ಬೇನಿ: ಊರಿಂದೂರಿಗೆ ಹಬ್ಬಿದ ಒಕ್ಕೂಟ

ತಾರಬ್ ಕ್ಲಬ್ಬುಗಳು ಪೇಟೆಯ ಓದು ಬಲ್ಲವರ ನಡುವೆ ಹುಟ್ಟಿದರೆ, ಅದೇ ಕರಾವಳಿಯಲ್ಲಿ ಅದಕ್ಕೂ ಮೊದಲೇ ಇನ್ನೊಂದು ಬಗೆಯ ಸಂಘ ಹುಟ್ಟಿತ್ತು. ಅದರ ಹೆಸರು 'ಬೇನಿ'. 'ಬ್ಯಾಂಡ್' ಎಂಬ ಇಂಗ್ಲಿಷ್ ಪದವೇ ಸ್ವಾಹಿಲಿ ಬಾಯಲ್ಲಿ ಬೇನಿ ಆಯಿತು. 1890ರ ದಶಕದಲ್ಲಿ ಮೊಂಬಾಸಾ ಮತ್ತು ಲಾಮುವಿನಲ್ಲಿ ಶುರುವಾದ ಈ ತಂಡಗಳು ಮಿಲಿಟರಿ ಬ್ಯಾಂಡಿನಂತೆ ಸಮವಸ್ತ್ರ ತೊಟ್ಟು, ಡ್ರಮ್ ಬಡಿದು, ಕವಾಯತು ಮಾಡುತ್ತಾ ಬೀದಿಯಲ್ಲಿ ಹಾಡುತ್ತಾ ಸಾಗುತ್ತಿದ್ದವು. ಲಾಮುವಿನಲ್ಲಿ ಊರಿನ ಎರಡು ಕೇರಿಗಳ ಪೈಪೋಟಿ ಬೇನಿಯ ಪೈಪೋಟಿಯಾಯಿತು. ಮೊಂಬಾಸಾದಲ್ಲಿ 'ಕಿಂಗಿ', 'ಸ್ಕಾಚಿ' ಎಂಬ ಹೆಸರಿನ ತಂಡಗಳು ಎದ್ದವು.

ಬೇನಿ ಕರಾವಳಿಯಿಂದ ಒಳನಾಡಿಗೆ ಹೋದಾಗ ನಿಜವಾದ ಒಕ್ಕೂಟ ಕಾಣಿಸಿಕೊಂಡಿತು. ಇಂದಿನ ತಾಂಜಾನಿಯಾದ ಮುಖ್ಯ ಭೂಭಾಗದಲ್ಲಿ 'ಮರಿನಿ' ಮತ್ತು 'ಅರಿನೋಟಿ' ಎಂಬ ಎರಡು ದೊಡ್ಡ ಬಳಗಗಳು ಊರೂರಲ್ಲಿ ಶಾಖೆ ತೆರೆದವು. ಮರಿನಿಯಲ್ಲಿ ಪೇಟೆಯ ಮೇಲ್ವರ್ಗದವರು ಹೆಚ್ಚು. ಅರಿನೋಟಿಯಲ್ಲಿ ಒಳನಾಡಿನಿಂದ ದುಡಿಯಲು ಬಂದವರು ಹೆಚ್ಚು. ಪ್ರತಿ ಶಾಖೆಗೂ ರಾಜ, ಜನರಲ್ ಮುಂತಾದ ಬಿರುದಿನ ಪದಾಧಿಕಾರಿಗಳು. ಹೊರಗಿನಿಂದ ನೋಡಿದವರಿಗೆ ಇದು ತಮಾಷೆ, ಬಿಳಿಯರ ಅಣಕು. ಒಳಗೆ ಮಾತ್ರ ಗಟ್ಟಿಯಾದ ಲೆಕ್ಕಾಚಾರವಿತ್ತು. ಒಬ್ಬ ಸದಸ್ಯ ಕೆಲಸ ಹುಡುಕಿಕೊಂಡು ಗುರುತಿಲ್ಲದ ಊರಿಗೆ ಹೋದರೆ ಅಲ್ಲಿನ ಶಾಖೆ ಅವನನ್ನು ಬರಮಾಡಿಕೊಳ್ಳುತ್ತಿತ್ತು. ಕಾಯಿಲೆ ಬಿದ್ದರೆ ನೋಡಿಕೊಳ್ಳುತ್ತಿತ್ತು. ಸತ್ತರೆ ದಫನಿಗೆ ಬೇಕಾದ್ದನ್ನು ಮಾಡುತ್ತಿತ್ತು. ಶಾಖೆಯಿಂದ ಶಾಖೆಗೆ ಪತ್ರ ವ್ಯವಹಾರ ನಡೆಯುತ್ತಿತ್ತು.

ಮುಂಬೈಗೆ, ಆಮೇಲೆ ಗಲ್ಫಿಗೆ ಹೋದ ಬ್ಯಾರಿ ಹುಡುಗರಿಗೆ ಇದು ಹೊಸ ಮಾತೇನೂ ಅಲ್ಲ. ಊರಿನ ಜಮಾಅತಿನ ಹೆಸರಲ್ಲಿ ಅಲ್ಲಿ ಒಂದು ಕೂಟ, ಕೆಲಸ ಸಿಗುವ ತನಕ ಮಲಗಲು ಜಾಗ, ಮಯ್ಯಿತ್ ಊರಿಗೆ ಕಳುಹಿಸಲು ಚಂದಾ. ನಾವು ಊರಿನ ಹೆಸರಲ್ಲಿ ಮಾಡಿದ್ದನ್ನು ಅವರು ಹಾಡಿನ ಹೆಸರಲ್ಲಿ ಮಾಡಿದರು ಅಷ್ಟೇ.

ಮೊದಲ ಮಹಾಯುದ್ಧದಲ್ಲಿ ಎರಡೂ ಕಡೆಯ ಸೈನ್ಯಗಳಲ್ಲಿದ್ದ ಆಫ್ರಿಕನ್ ಸಿಪಾಯಿಗಳು ಮತ್ತು ಹಮಾಲಿಗಳ ಜೊತೆ ಬೇನಿ ಇನ್ನಷ್ಟು ದೂರ ಹೋಯಿತು, ಇಂದಿನ ಮಲಾವಿ, ಜಾಂಬಿಯಾದ ತನಕ. ಸರ್ಕಾರದ ಅನುಮತಿ ಇಲ್ಲದೆ, ಬುಡಕಟ್ಟಿನ ಗಡಿ ದಾಟಿ, ಸಾವಿರಾರು ಜನ ಒಂದೇ ಹೆಸರಿನಡಿ ಸೇರುವುದನ್ನು ಕಂಡು ಬ್ರಿಟಿಷ್ ಅಧಿಕಾರಿಗಳಿಗೆ ದಿಗಿಲಾಯಿತು. ಇದರ ಹಿಂದೆ ಏನೋ ರಾಜಕೀಯ ಇದೆ ಎಂದು ಯುದ್ಧ ಮುಗಿದ ಕೂಡಲೇ ವಿಚಾರಣೆ ನಡೆಸಿದರು. ಸಿಕ್ಕಿದ್ದು ಪಿತೂರಿಯಲ್ಲ, ಕುಣಿತ ಮತ್ತು ಪರಸ್ಪರ ಸಹಾಯ. ಇತಿಹಾಸಕಾರ ಟೆರೆನ್ಸ್ ರೇಂಜರ್ 1975ರಲ್ಲಿ ಬೇನಿಯ ಮೇಲೆ ಒಂದು ಪುಸ್ತಕವನ್ನೇ ಬರೆದರು. ಬೇನಿಯನ್ನು ಬರೀ ಅಣಕು ಎಂದು ತಳ್ಳಿಹಾಕದೆ, ಆಫ್ರಿಕನ್ನರ ಸಮಾಜದಲ್ಲಿ ಅದು ಮಾಡಿದ ಕೆಲಸವನ್ನು ಅದರಲ್ಲಿ ಬಿಡಿಸಿಟ್ಟರು.

ಮಡಕೆ ಮಾರುತ್ತಿದ್ದ ಸಿತಿ

ಜಾಂಜಿಬಾರ್‌ನ ಕಥೆಯಲ್ಲಿ ಒಂದು ಹೆಸರನ್ನು ಬಿಡಲಿಕ್ಕೆ ಆಗುವುದೇ ಇಲ್ಲ: ಸಿತಿ ಬಿಂತಿ ಸಅದ್. ಸುಮಾರು 1880ರಲ್ಲಿ ಫುಂಬಾ ಎಂಬ ಹಳ್ಳಿಯಲ್ಲಿ ಹುಟ್ಟಿದವರು. ತಂದೆ ತಾಯಿ ಗುಲಾಮಗಿರಿಯ ಹಿನ್ನೆಲೆಯವರು. ಹುಟ್ಟಿದಾಗ ಇಟ್ಟ ಹೆಸರು 'ಮ್ತುಮ್ವಾ'. ಸ್ವಾಹಿಲಿಯಲ್ಲಿ ಹಾಗೆಂದರೆ ಗುಲಾಮ ಎಂದೇ ಅರ್ಥ. ತಾಯಿಯ ಜೊತೆ ಮಡಕೆ ಮಾಡಿ, ಪೇಟೆಗೆ ಹೊತ್ತು ತಂದು, ಕೂಗಿ ಕೂಗಿ ಮಾರುತ್ತಿದ್ದರು. ಆ ಕೂಗೇ ಅವರ ಮೊದಲ ಸಂಗೀತ ಶಾಲೆ ಎಂದು ಅಲ್ಲಿನವರು ಹೇಳುತ್ತಾರೆ. ಜಾಂಜಿಬಾರ್‌ನಲ್ಲಿ ಗುಲಾಮಗಿರಿ ಕಾನೂನಿನ ಪ್ರಕಾರ ಕೊನೆಯಾದದ್ದು 1897ರಲ್ಲಿ. ಕಾಗದದಲ್ಲಿ ಬಿಡುಗಡೆ ಸಿಕ್ಕಿದವರಿಗೆ ಸಮಾಜದಲ್ಲಿ ಜಾಗ ಸಿಗಲು ಇನ್ನೂ ಬಹಳ ಕಾಲ ಹಿಡಿಯಿತು.

ಸಿತಿ ಪೇಟೆಗೆ ಬಂದು, ಸಂಗೀತ ಬಲ್ಲ ಗಂಡಸರಿಂದ ಕಲಿತು, ತಮ್ಮದೇ ತಂಡ ಕಟ್ಟಿದರು. ಸ್ಟೋನ್ ಟೌನ್‌ನ ಕಲ್ಲಿನ ಮಹಲುಗಳಿಂದ ತೋಡಿನ ಆಚೆ ಬಡವರ, ಕೂಲಿಯವರ ಮಣ್ಣಿನ ಮನೆಗಳಿದ್ದ 'ಙಂಬೊ' ಎಂಬ ಭಾಗದ ಜನ ಅವರ ಹಾಡನ್ನು ತಮ್ಮದೆಂದು ಹಚ್ಚಿಕೊಂಡರು. ಅವರು ತಾರಬನ್ನು ಅರಬಿಯಿಂದ ಸ್ವಾಹಿಲಿಗೆ ತಂದರು. ಅಂದ್ರೆ ಅರಮನೆಯ ಹಾಡು ಅಡುಗೆಮನೆಗೂ ಅರ್ಥವಾಗುವ ಹಾಗೆ ಆಯಿತು. ಹೆಣ್ಣಿನ ಮೇಲಿನ ದೌರ್ಜನ್ಯ, ಕೋರ್ಟಿನಲ್ಲಿ ಬಡವರಿಗೆ ಆಗುತ್ತಿದ್ದ ಅನ್ಯಾಯ, ಎಲ್ಲವೂ ಹಾಡಾದವು. ಒಬ್ಬ ಹೆಂಗಸಿನ ಕೊಲೆಯಾದಾಗ, ಆರೋಪಿ ತಪ್ಪಿಸಿಕೊಂಡು ಹೋಗಿ ಅವಳ ಜೊತೆಗಿದ್ದ ಹೆಂಗಸರೇ ಶಿಕ್ಷೆ ಅನುಭವಿಸಿದ ಪ್ರಕರಣದ ಮೇಲೂ ಅವರ ತಂಡದ ಹಾಡು ಇದೆ. ಅವರ ಬಡತನವನ್ನೂ ರೂಪವನ್ನೂ ಹಂಗಿಸಿ ಹಾಡು ಕಟ್ಟಿದವರಿಗೆ ಅವರು ಹಾಡಿನಲ್ಲೇ ಜವಾಬು ಕೊಟ್ಟರು.

1928ರಲ್ಲಿ ಸಿತಿ ಮತ್ತು ಅವರ ತಂಡ ಹಡಗು ಹತ್ತಿ ಬೊಂಬಾಯಿಗೆ ಬಂತು. ಹಿಸ್ ಮಾಸ್ಟರ್ಸ್ ವಾಯ್ಸ್ ಕಂಪೆನಿಗೆ ಹಾಡಿದ ಆ ಪ್ಲೇಟುಗಳ ಮೂಲಕ ಪೂರ್ವ ಆಫ್ರಿಕಾದ ಹೆಣ್ಣೊಬ್ಬಳ ದನಿ ಮೊದಲ ಸಲ ಗ್ರಾಮಫೋನ್‌ಗೆ ಏರಿತು. ಆಗ ಜಾಂಜಿಬಾರ್‌ನಲ್ಲಿ ಓಡುತ್ತಿದ್ದ ಹಣವೂ ರೂಪಾಯಿಯೇ. ಪ್ಲೇಟುಗಳು ಸ್ವಾಹಿಲಿ ಮಾತಾಡುವ ಕಡೆಗಳಿಗೆಲ್ಲ ಹೋದವು. ಚಹಾ ಅಂಗಡಿಗಳಲ್ಲಿ ಜನ ಗುಂಪು ಕೂಡಿ ಕೇಳಿದರು. ಸಿತಿ 1950ರಲ್ಲಿ ತೀರಿಕೊಂಡರು. ಸ್ವಾಹಿಲಿಯ ದೊಡ್ಡ ಸಾಹಿತಿ ಶಾಬಾನ್ ರಾಬರ್ಟ್ ಅವರ ಜೀವನಚರಿತ್ರೆ ಬರೆದರು.

ಇಲ್ಲಿ ಗಮನಿಸಬೇಕಾದ್ದು ಇಷ್ಟು. ಸುಲ್ತಾನರ ಅರಮನೆಯಲ್ಲಿ ಹಾಡಿದ್ದು ಉಳಿಯಲಿಲ್ಲ, ಮಡಕೆ ಮಾರುತ್ತಿದ್ದವರ ಹಾಡು ಉಳಿಯಿತು. ಯಾಕೆಂದರೆ ಅದು ಪ್ಲೇಟಿನಲ್ಲಿ ದಾಖಲಾಯಿತು, ಪುಸ್ತಕದಲ್ಲಿ ದಾಖಲಾಯಿತು, ಕ್ಲಬ್ಬುಗಳ ಬಾಯಿಪಾಠದಲ್ಲಿ ಉಳಿಯಿತು. ಮೂರರಲ್ಲಿ ಒಂದು ತಪ್ಪಿದ್ದರೂ ಇನ್ನೆರಡು ಇದ್ದವು.

ಹೆಂಗಸರ ಕೂಟಗಳಿಂದ ಸ್ವಾತಂತ್ರ್ಯ ಚಳವಳಿಗೆ

ಕರಾವಳಿಯ ಮುಸ್ಲಿಂ ಹೆಂಗಸರು ತಮ್ಮದೇ ಹಾಡು ಕುಣಿತದ ಕೂಟಗಳನ್ನು ಕಟ್ಟಿಕೊಂಡಿದ್ದರು. 'ಲೆಲೆಮಾಮಾ' ಎಂಬುದು ಅದರಲ್ಲಿ ಪ್ರಸಿದ್ಧ. ಹೆಂಗಸರು ಸಾಲಾಗಿ ನಿಂತು, ಹದವಾಗಿ ಹೆಜ್ಜೆ ಹಾಕುತ್ತಾ, ಒಂದೇ ಬಗೆಯ ಬಟ್ಟೆ ತೊಟ್ಟು ಮದುವೆ ಮನೆಗಳಲ್ಲಿ ಹಾಡುವ ಪದ್ಧತಿ. ನಮ್ಮ ಒಪ್ಪನೆ ಕಂಡವರಿಗೆ ಇದರ ಅಂದಾಜು ಸಿಗುತ್ತದೆ. ಮೊಂಬಾಸಾದಲ್ಲಿ 'ಬನು ಸಾದಾ' ಮತ್ತು 'ಇಬಿನಾಲ್ ವತನ್' ಎಂಬ ಎರಡು ಕೂಟಗಳ ನಡುವೆ ಭಾರೀ ಪೈಪೋಟಿ. ಯಾರ ಔತಣ ದೊಡ್ಡದು, ಯಾರ ಬಟ್ಟೆ ಚಂದ, ಯಾರ ಹಾಡಿನ ಚುಚ್ಚು ಮಾತು ಹರಿತ ಎಂಬುದೇ ಊರ ಸುದ್ದಿ. ಖರ್ಚೂ ವಿಪರೀತ.

ಆದರೆ 1950ರ ದಶಕದ ಕೊನೆಗೆ ಬರುವಾಗ ಇದೇ ಹೆಂಗಸರ ಜಾಲ ಬೇರೆ ರೂಪ ತಾಳಿತು. 'ಮುಸ್ಲಿಂ ವಿಮೆನ್ಸ್ ಇನ್‌ಸ್ಟಿಟ್ಯೂಟ್', 'ಮುಸ್ಲಿಂ ವಿಮೆನ್ಸ್ ಕಲ್ಚರಲ್ ಅಸೋಸಿಯೇಷನ್' ಎಂಬ ಎರಡು ಸಂಸ್ಥೆಗಳು ಹುಟ್ಟಿದವು. ಕುಣಿತದ ಪೈಪೋಟಿಯಲ್ಲಿ ಚಂದಾ ಎತ್ತಲು, ಸಭೆ ಕರೆಯಲು, ಹೊಣೆ ಹಂಚಲು ಕಲಿತವರೇ ಹೆಣ್ಣುಮಕ್ಕಳ ಶಿಕ್ಷಣ, ಸಮುದಾಯದ ಸುಧಾರಣೆ ಅಂತ ಕೆಲಸಕ್ಕಿಳಿದರು. ಮಾರ್ಗರೆಟ್ ಸ್ಟ್ರೋಬೆಲ್ ಎಂಬ ಇತಿಹಾಸಕಾರ್ತಿ ಈ ಬೆಳವಣಿಗೆಯನ್ನು ವಿವರವಾಗಿ ದಾಖಲಿಸಿದ್ದಾರೆ.

ದಾರುಸ್ಸಲಾಮ್‌ನಲ್ಲಿ ಇದು ಇನ್ನೂ ಮುಂದೆ ಹೋಯಿತು. ಬೀಬಿ ತಿತಿ ಮುಹಮ್ಮದ್ ಎಂಬ ಮುಸ್ಲಿಂ ಮಹಿಳೆ 'ಬೊಂಬಾ' ಎಂಬ ಹಾಡಿನ ತಂಡದ ಮುಖ್ಯ ಗಾಯಕಿ. 1955ರಲ್ಲಿ ಜೂಲಿಯಸ್ ನ್ಯೆರೇರೆಯವರ 'ತಾನು' ಪಕ್ಷಕ್ಕೆ ಮಹಿಳಾ ವಿಭಾಗ ಕಟ್ಟುವ ಹೊಣೆ ಅವರಿಗೆ ಬಂತು. ಅವರು ಭಾಷಣದಿಂದ ಶುರು ಮಾಡಲಿಲ್ಲ. ಊರಿನ ಹಾಡಿನ ಕೂಟಗಳ ನಾಯಕಿಯರನ್ನು ಒಬ್ಬೊಬ್ಬರಾಗಿ ಕಂಡು ಮಾತಾಡಿದರು. ಒಂದು ಕೂಟದ ನಾಯಕಿ ಒಪ್ಪಿದರೆ ಇಡೀ ಕೂಟ ಬಂದ ಹಾಗೆ. ಕೆಲವೇ ತಿಂಗಳಲ್ಲಿ ಸಾವಿರಾರು ಹೆಂಗಸರು ಪಕ್ಷದ ಸದಸ್ಯರಾದರು. ಓದು ಬಾರದವರು, ಮನೆಯಲ್ಲೇ ಇದ್ದವರು ಎಂದು ಹೊರಗಿನವರು ಲೆಕ್ಕಕ್ಕೇ ತೆಗೆದುಕೊಳ್ಳದಿದ್ದ ಜನ ಒಂದು ದೇಶದ ಸ್ವಾತಂತ್ರ್ಯ ಚಳವಳಿಯ ಬೆನ್ನೆಲುಬಾದರು. 1961ರಲ್ಲಿ ದೇಶ ಸ್ವತಂತ್ರವಾಯಿತು.

ಪಕ್ಷ, ಸರ್ಕಾರ ಮತ್ತು ಕ್ಲಬ್

ಹಾಡಿನ ಕೂಟಕ್ಕೆ ಇಷ್ಟು ಶಕ್ತಿ ಇದೆ ಎಂದು ಗೊತ್ತಾದ ಮೇಲೆ ರಾಜಕೀಯ ಅದನ್ನು ಸುಮ್ಮನೆ ಬಿಡುವುದುಂಟೇ? ಜಾಂಜಿಬಾರ್‌ನಲ್ಲಿ 1958ರಲ್ಲಿ ಆಫ್ರೋ ಶಿರಾಝಿ ಪಕ್ಷದ ಯುವ ವಿಭಾಗದ ಜೊತೆ ಹುಟ್ಟಿದ ತಂಡವೇ ಮುಂದೆ 'ಕಲ್ಚರ್ ಮ್ಯೂಸಿಕಲ್ ಕ್ಲಬ್' ಆಯಿತು. 1964ರ ಜನವರಿಯಲ್ಲಿ ಕ್ರಾಂತಿ ನಡೆದು ಸುಲ್ತಾನರ ಆಡಳಿತ ಮುಗಿಯಿತು. ಪಕ್ಷವೇ ಸರ್ಕಾರವಾಯಿತು, ಈ ಕ್ಲಬ್ ಸಂಸ್ಕೃತಿ ಇಲಾಖೆಯ ಆಸರೆಗೆ ಬಂತು. ಅರಬ್ ಗಣ್ಯರ ನಂಟಿದ್ದ ಹಳೆಯ ಇಖ್ವಾನಿ ಸಫಾಕ್ಕೆ ಕಷ್ಟದ ದಿನ. ಕೆಲಕಾಲ ಅದು ತನ್ನ ಕೇರಿಯಾದ ಮಲಿಂದಿಯ ಹೆಸರಿನಲ್ಲಿ ಹಾಡಬೇಕಾಯಿತು. ಆಮೇಲೆ ಹಳೆಯ ಹೆಸರಿಗೆ ಮರಳಿತು.

ಸರ್ಕಾರದ ಆಸರೆಯಿಂದ ಲಾಭ ಇರಲಿಲ್ಲ ಎನ್ನುವ ಹಾಗಿಲ್ಲ. ವಾದ್ಯ ಸಿಕ್ಕಿತು, ವೇದಿಕೆ ಸಿಕ್ಕಿತು, ರೇಡಿಯೊ ಸಿಕ್ಕಿತು. ಆದರೆ ಏನು ಹಾಡಬೇಕು ಎಂಬುದರಲ್ಲಿ ಸರ್ಕಾರದ ಕಣ್ಣು ಬಿತ್ತು. ಮುಖ್ಯ ಭೂಭಾಗದಲ್ಲಿ 1984ರ ಕಾಯ್ದೆಯ ಮೂಲಕ 'ಬಸಾತಾ' ಎಂಬ ರಾಷ್ಟ್ರೀಯ ಕಲಾ ಮಂಡಳಿ ಬಂತು. ಹಾಡಿನ ತಂಡಗಳು ಅದರಲ್ಲಿ ನೋಂದಾಯಿಸಬೇಕಾಯಿತು. 1999ರ ಹಕ್ಕುಸ್ವಾಮ್ಯ ಕಾಯ್ದೆಯಡಿ 'ಕೊಸೋತಾ' ಎಂಬ ಸಂಸ್ಥೆ ಹುಟ್ಟಿ, ಹಾಡು ಕಟ್ಟಿದವರಿಗೆ ಹಣ ಸೇರಬೇಕೆಂಬ ಮಾತಿಗೆ ಕಾನೂನಿನ ಬಲ ಸಿಕ್ಕಿತು.

ಹೀಗೆ ನೋಡಿದರೆ ಆ ಕರಾವಳಿ ಎರಡು ಬಗೆಯ ಒಕ್ಕೂಟಗಳನ್ನು ಕಂಡಿದೆ. ಬೇನಿಯದ್ದು ಅಣ್ಣತಮ್ಮಂದಿರ ಒಕ್ಕೂಟ. ಶಾಖೆಗಳು ಪರಸ್ಪರ ಸಮಾನರು, ಒಬ್ಬರಿಗೆ ಕಷ್ಟ ಬಂದರೆ ಇನ್ನೊಬ್ಬರು. ಪಕ್ಷ ಮತ್ತು ಮಂಡಳಿಯದ್ದು ಏಣಿಯಂಥ ಒಕ್ಕೂಟ. ಮೇಲಿನಿಂದ ಅನುದಾನ ಬರುತ್ತದೆ, ಅದರ ಜೊತೆ ಅಪ್ಪಣೆಯೂ ಬರುತ್ತದೆ. ಮೊದಲನೆಯದರಲ್ಲಿ ಹಣ ಕಡಿಮೆ, ಸ್ವಾತಂತ್ರ್ಯ ಹೆಚ್ಚು. ಎರಡನೆಯದರಲ್ಲಿ ಹಣ ಹೆಚ್ಚು, ಮಾತು ಕಡಿಮೆ. ಎರಡೂ ಬೇಕು, ಆದರೆ ಎರಡನೆಯದನ್ನೇ ನಂಬಿ ಕೂತ ಕ್ಲಬ್, ಸರ್ಕಾರದ ಮನಸ್ಸು ಬದಲಾದ ದಿನ ಕೈಚೆಲ್ಲಬೇಕಾಗುತ್ತದೆ.

ಪೈಪೋಟಿ ಒಳ್ಳೆಯದು, ಎಲ್ಲಿಯ ತನಕ?

ದಾರುಸ್ಸಲಾಮ್‌ನಲ್ಲಿ 'ಈಜಿಪ್ಷಿಯನ್ ಮ್ಯೂಸಿಕಲ್ ಕ್ಲಬ್' ಮತ್ತು 'ಅಲ್ ವತನ್ ಮ್ಯೂಸಿಕಲ್ ಕ್ಲಬ್' ಎದುರಾಳಿಗಳು. ಅಲ್ಲಿನ ಎರಡು ದೊಡ್ಡ ಫುಟ್ಬಾಲ್ ಕ್ಲಬ್ಬುಗಳ ಅಭಿಮಾನವೂ ಈ ಹಾಡಿನ ಬಣಗಳೊಂದಿಗೆ ಬೆರೆತುಹೋಗಿತ್ತು. ತಾಂಗಾ ಪಟ್ಟಣದಲ್ಲಿ 'ಬ್ಲ್ಯಾಕ್ ಸ್ಟಾರ್', 'ಲಕ್ಕಿ ಸ್ಟಾರ್' ಎಂಬ ಕ್ಲಬ್ಬುಗಳು ದೊಡ್ಡ ವಾದ್ಯವೃಂದ ಬಿಟ್ಟು ಗಿಟಾರ್ ಹಿಡಿದು ಹೊಸ ಬಗೆ ಕಟ್ಟಿದವು. ಮೊಂಬಾಸಾದಲ್ಲಿ ಜುಮಾ ಭಾಲೋ ಅವರಂಥ ಗಾಯಕರು ಹಿಂದಿ ಸಿನಿಮಾದ ರಾಗಕ್ಕೆ ಸ್ವಾಹಿಲಿ ಪದ ಹಾಕಿ ಹಾಡಿದರು. ಸಿನಿಮಾ ರಾಗಕ್ಕೆ ಬ್ಯಾರಿ ಪದ ಹಾಕಿದ ಮದುವೆ ಹಾಡು ಕೇಳಿದವರಿಗೆ ಇದು ಅರ್ಥವಾಗುತ್ತದೆ. ಪೈಪೋಟಿ ಇಲ್ಲದಿದ್ದರೆ ಇಷ್ಟು ಬಗೆಯ ಹಾಡು ಹುಟ್ಟುತ್ತಲೇ ಇರಲಿಲ್ಲ.

ಆದರೆ ಅದೇ ಪೈಪೋಟಿ ಅತಿಯಾದಾಗ ಹಾಡಿನ ಗುಣ ಹಿಂದೆ ಸರಿದು ಎದುರು ಪಕ್ಷದವರನ್ನು ಹಂಗಿಸುವುದೇ ಮುಂದೆ ಬಂತು. 1990ರ ದಶಕದಲ್ಲಿ 'ಮಾಡರ್ನ್ ತಾರಬ್' ಬಂದಾಗ ಈ ಚುಚ್ಚು ಮಾತಿನ ಹಾಡುಗಳೇ ಜನಪ್ರಿಯವಾದವು. ಕೀಬೋರ್ಡ್ ಮತ್ತು ಸ್ಪೀಕರ್ ಇದ್ದರೆ ನಾಲ್ಕೈದು ಜನ ಸಾಕು. ಇಪ್ಪತ್ತು ಮೂವತ್ತು ಜನರ ಹಳೆಯ ಕ್ಲಬ್ಬನ್ನು ಮದುವೆಗೆ ಕರೆಯುವವರು ಕಡಿಮೆಯಾದರು. ಕಾನೂನ್ ನುಡಿಸುವವರು ಬೆರಳೆಣಿಕೆಗೆ ಇಳಿದರು.

ಆಗ ಅಲ್ಲಿನವರು ಮಾಡಿದ ಒಂದು ಕೆಲಸ ಮೆಚ್ಚುವಂಥದ್ದು. 2002ರಲ್ಲಿ ಸ್ಟೋನ್ ಟೌನ್‌ನಲ್ಲಿ 'ಧೋ ಕಂಟ್ರೀಸ್ ಮ್ಯೂಸಿಕ್ ಅಕಾಡೆಮಿ' ಶುರುವಾಯಿತು. ಧೋ ಎಂದರೆ ನಮ್ಮ ಹಿರಿಯರು ಕಂಡಿದ್ದ ಅದೇ ಹಾಯಿ ಹಡಗು. ಹಳೆಯ ಕ್ಲಬ್ಬುಗಳ ಹಿರಿಯ ವಾದಕರೇ ಅಲ್ಲಿ ಮಕ್ಕಳಿಗೆ ಗುರುಗಳಾದರು. 2019ರ ಹೊತ್ತಿಗೆ ಹಣದ ಮುಗ್ಗಟ್ಟಿನಿಂದ ಮುಚ್ಚುವ ಭೀತಿಯೂ ಬಂತು. ಹೊರಗಿನ ದೇಣಿಗೆಯೊಂದನ್ನೇ ನಂಬಿದರೆ ಆಗುವುದು ಇದೇ ಎಂಬ ಪಾಠವೂ ಅದರಲ್ಲಿ ಇದೆ. ಸಿತಿಯವರ ಪರಂಪರೆಯಲ್ಲಿ ಬೆಳೆದ ಬಿ ಕಿದುದೆ ಎಂಬ ಅಜ್ಜಿ 2005ರಲ್ಲಿ ವೊಮೆಕ್ಸ್ ಎಂಬ ಜಾಗತಿಕ ಸಂಗೀತ ಪ್ರಶಸ್ತಿ ಪಡೆದರು. 2013ರಲ್ಲಿ ತೀರಿಕೊಳ್ಳುವ ಮೊದಲು ಅವರ ಹಾಡು, ಮಾತು, ಡೋಲಿನ ಪಟ್ಟು ಎಲ್ಲವೂ ದಾಖಲಾಗಿದ್ದವು.

ಈ ದಡದಲ್ಲಿ ನಿಂತು ನೋಡಿದರೆ

ನಮ್ಮ ಕಡೆ ಏನೂ ಆಗಿಲ್ಲ ಎಂದರೆ ತಪ್ಪಾಗುತ್ತದೆ. ಕಾಸರಗೋಡಿನ ತಳಂಗರೆಯಲ್ಲಿ ಹುಟ್ಟಿ, ಕನ್ನಡದಲ್ಲಿ ಓದಿ, ಮಲಯಾಳಂನಲ್ಲಿ ಕವಿಯಾಗಿ ಹೆಸರು ಮಾಡಿದ ಟಿ. ಉಬೈದ್ ಅವರು ಮಾಪಿಳ್ಳೆ ಹಾಡು ಕೂಡ ಸಾಹಿತ್ಯವೇ ಎಂದು ದೊಡ್ಡವರ ಸಭೆಯಲ್ಲಿ ವಾದಿಸಿ ಗೆದ್ದವರು. ಕೊಂಡೋಟ್ಟಿಯಲ್ಲಿ ಮಹಾಕವಿ ಮೋಯಿನ್‌ಕುಟ್ಟಿ ವೈದ್ಯರ ಹೆಸರಿನ ಮಾಪಿಳ್ಳೆ ಕಲಾ ಅಕಾಡೆಮಿ ಇದೆ. ಕೇರಳದ ಶಾಲಾ ಕಲೋತ್ಸವದಲ್ಲಿ ದಫ್‌ಮುಟ್ಟು, ಕೋಲ್ಕಳಿ, ಒಪ್ಪನೆ ಸ್ಪರ್ಧೆಗಳಿವೆ. 2019ರಲ್ಲಿ ಆ ಕಲೋತ್ಸವ ಕಾಸರಗೋಡು ಜಿಲ್ಲೆಯ ಕಾಞಂಗಾಡಿನಲ್ಲೇ ನಡೆಯಿತು. ಧಾರ್ಮಿಕ ವಿದ್ಯಾರ್ಥಿ ಸಂಘಟನೆಗಳು ಘಟಕದಿಂದ ಹಿಡಿದು ರಾಜ್ಯದ ಮಟ್ಟದ ತನಕ ಸಾಹಿತ್ಯೋತ್ಸವ, ಸರ್ಗಲಯ ಎಂದು ವೇದಿಕೆ ಕೊಡುತ್ತಿವೆ. ಕರ್ನಾಟಕದಲ್ಲಿ 2009ರಲ್ಲಿ ಬ್ಯಾರಿ ಸಾಹಿತ್ಯ ಅಕಾಡೆಮಿ ಸ್ಥಾಪನೆಯಾಯಿತು.

ಇವೆಲ್ಲ ಏಣಿಯಂಥ ವ್ಯವಸ್ಥೆ. ಬೇಕಾದದ್ದೇ. ಆದರೆ ಸ್ಪರ್ಧೆಗೆ ಅಂತ ತಯಾರಾಗುವ ತಂಡ ಸ್ಪರ್ಧೆ ಮುಗಿದ ಮೇಲೆ ಚದುರಿಹೋಗುತ್ತದೆ. ಮುಂದಿನ ವರ್ಷ ಹೊಸ ಹುಡುಗರು, ಹೊಸ ಹಾಡು, ಹೊರಗಿನಿಂದ ಬಂದ ಹೊಸ ತರಬೇತುದಾರ. ಊರಿನದ್ದೇ ಆದ ತಾಳ ಸದ್ದಿಲ್ಲದೆ ಮರೆಯಾಗುತ್ತದೆ. ಪಕ್ಕದೂರಿನ ತಂಡ ಎಂದರೆ ಬರೀ ಎದುರಾಳಿ, ಅವರಿಗೂ ನಮಗೂ ಬೇರೆ ಸಂಬಂಧವಿಲ್ಲ. ಬೇನಿಯವರು ಕಟ್ಟಿದ ಅಣ್ಣತಮ್ಮಂದಿರ ಒಕ್ಕೂಟ ನಮ್ಮ ತಂಡಗಳ ನಡುವೆ ಇನ್ನೂ ಗಟ್ಟಿಯಾಗಬೇಕಿದೆ.

ಇದಕ್ಕೆ ದೊಡ್ಡ ಹಣ ಬೇಡ. ಜಾಂಜಿಬಾರ್‌ನ ಅನುಭವ ಹೇಳುವ ಕೆಲವು ಕೆಲಸಗಳು ಯಾವ ಊರಿನ ಹುಡುಗರಿಗೂ ಮಾಡಬಹುದಾದಂಥವು. ತಂಡಕ್ಕೊಂದು ದಾಖಲೆ ಪುಸ್ತಕ ಇಡುವುದು: ಶುರುವಾದ ವರ್ಷ, ಕಲಿಸಿದವರು, ಸದಸ್ಯರು, ಲೆಕ್ಕ. ದಫ್‌ಗಳು ತಂಡದ ಸ್ವತ್ತು ಎಂದು ಬರೆದಿಡುವುದು, ಯಾರೋ ಒಬ್ಬರು ಗಲ್ಫಿಗೆ ಹೋದರೆ ತಂಡವೇ ಹೋಗುವಂತೆ ಆಗಬಾರದು. ಹಾಡು ಕಟ್ಟಿದವರ ಹೆಸರನ್ನು ಹಾಡಿನ ಜೊತೆಯಲ್ಲೇ ಹೇಳುವುದು. ನಾಲ್ಕು ಊರಿನ ತಂಡಗಳು ಸೇರಿ ಒಂದು ಸಣ್ಣ ನಿಧಿ ಮಾಡಿ, ಒಬ್ಬ ಸದಸ್ಯನ ಮನೆಯಲ್ಲಿ ಕಾಯಿಲೆ ಬಂದರೆ ಉಳಿದವರು ನಿಲ್ಲುವುದು. ಮದುವೆ ಮನೆಯಲ್ಲಿ ಅಜ್ಜಿಯಂದಿರು ಹಾಡುತ್ತಿದ್ದ ಬ್ಯಾರಿ ಹಾಡುಗಳನ್ನು ಮನೆಯ ಹೆಣ್ಣುಮಕ್ಕಳೇ ಕೂತು ಬರೆದುಕೊಳ್ಳುವುದು. ಒಬ್ಬ ಮೊಮ್ಮಗಳ ಕೈಯಲ್ಲಿರುವ ಫೋನ್, 1928ರಲ್ಲಿ ಸಿತಿ ಸಮುದ್ರ ದಾಟಿ ಹುಡುಕಿಕೊಂಡು ಬಂದ ಯಂತ್ರಕ್ಕಿಂ ಎಷ್ಟೋ ಪಾಲು ಮೇಲು. ಅದರಲ್ಲಿ ಒಂದು ಗುಂಡಿ ಒತ್ತಿದರೆ ಸಾಕು.

ಅಜ್ಜಿ ಇನ್ನೂ ಇದ್ದಾರೆ ಎಂಬ ಮನೆಗಳು ಈ ಕೆಲಸವನ್ನು ಮುಂದಿನ ಮೀಲಾದಿನ ತನಕ ಮುಂದೂಡದಿರುವುದು ಒಳ್ಳೆಯದು.